ಗುರುವಿನ ಹೆಸರು ಹೊತ್ತವರು

ಶಿವಮೊಗ್ಗದ ಗಾಂಧಿ ಬಜಾರಿನವರಿಗೆ ಇತಿಹಾಸವೆಂದರೆ ಮೊದಲು ಶಿವಪ್ಪನಾಯಕ. ಬಜಾರಿನ ಮುಂಬಾಗಿಲಿನ ವೃತ್ತಕ್ಕೆ ಅವನ ಹೆಸರು, ಕೋಟೆ ರಸ್ತೆಯ ಮರದ ಕಂಬಗಳ ಅರಮನೆಗೂ ಅವನದೇ ಹೆಸರು. ಎರಡು ವರ್ಷಕ್ಕೊಮ್ಮೆ ಮಾರಿಜಾತ್ರೆ ಬಂದಾಗ ದೇವಿ ಮೊದಲು ಈ ಬಜಾರಿನ ತವರುಮನೆಯಲ್ಲಿ ಕೂತು, ಉಡಿ ತುಂಬಿಸಿಕೊಂಡು, ಆಮೇಲೆ ಕೋಟೆಯ ಗದ್ದುಗೆಗೆ ಬಿಜಯಂಗೈಯುತ್ತಾಳೆ. ಅದೇ ಊರಿನ ಬಿ.ಎಚ್. ರಸ್ತೆಯಲ್ಲಿ ಸೇಕ್ರೆಡ್ ಹಾರ್ಟ್ ಚರ್ಚಿನ ವಿಶಾಲವಾದ ಕಟ್ಟಡ ನಿಂತಿದೆ. 1988ರಲ್ಲಿ ಶಿವಮೊಗ್ಗ ತನ್ನದೇ ಧರ್ಮಪ್ರಾಂತ್ಯವಾದ ಮೇಲೆ ಅದು ಪ್ರಧಾನಾಲಯವಾಯಿತು. ಮಾರಿಯ ತವರುಮನೆಯಿಂದ ಆ ಚರ್ಚಿಗೆ ನಡೆದೇ ಹೋಗಬಹುದು. ಆದರೆ ಏಸುಕ್ರಿಸ್ತನ ಹೆಸರು ಈ ಸೀಮೆಯನ್ನು ಮುಟ್ಟಿದ ದಾರಿ ಬಹಳ ಉದ್ದದ್ದು. ಅದು ಘಟ್ಟದ ಕೆಳಗಿನಿಂದ ಬಂದ ದಾರಿ.

ಶಿವಪ್ಪನಾಯಕನ ಕುಲದ ಕೆಳದಿಯ ಅರಸರು ಆಳಿದ್ದು ಮಲೆನಾಡನ್ನು ಮಾತ್ರವಲ್ಲ, ಕರಾವಳಿಯನ್ನೂ. ಇಂದು ಹೊಸನಗರ ತಾಲ್ಲೂಕಿನಲ್ಲಿ ನಗರ ಎಂದು ಕರೆಸಿಕೊಳ್ಳುವ ಬಿದನೂರು ಅವರ ರಾಜಧಾನಿ. ಅಲ್ಲಿಂದ ಮೆಣಸು ಘಟ್ಟ ಇಳಿದು ಬಂದರು ಸೇರುತ್ತಿತ್ತು; ಬಂದರಿನಲ್ಲಿ ಪೋರ್ಚುಗೀಸರು ಕಾದಿರುತ್ತಿದ್ದರು. 1671ರಲ್ಲಿ ಪಟ್ಟವೇರಿದ ರಾಣಿ ಚೆನ್ನಮ್ಮಾಜಿ ಅವರೊಂದಿಗೆ ಒಡಂಬಡಿಕೆ ಮಾಡಿಕೊಂಡಳು. ಮೆಣಸು ಮತ್ತು ಅಕ್ಕಿಯ ವ್ಯಾಪಾರದ ಜೊತೆಗೆ ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅಪ್ಪಣೆ ಕೊಟ್ಟಳು. ಛತ್ರಪತಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರು ಹಾಕಿಕೊಂಡ ವೀರಶೈವ ರಾಣಿ ಈಕೆಯೇ. ಅನ್ಯರ ದೇವರಿಗೂ ನೆಲ ಕೊಟ್ಟ ಈ ದೊಡ್ಡತನ ನಮ್ಮ ಜಿಲ್ಲೆಯ ಹೆಮ್ಮೆಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಆದರೆ ಅಪ್ಪಣೆಯಿಂದ ಕಟ್ಟಡ ಏಳುತ್ತದೆ, ನಂಬಿಕೆ ಏಳುವುದಿಲ್ಲ. ಅದಕ್ಕೆ ಮನುಷ್ಯ ಬೇಕು. ರಾಣಿಯ ಆಳ್ವಿಕೆಯ ಹತ್ತನೆಯ ವರ್ಷ, 1681ರಲ್ಲಿ, ಗೋವೆಯ ಬಾಣಾವಲಿಯ ಪಾದ್ರಿ ಜೋಸೆಫ್ ವಾಜ್ ಕೆನರಾ ಸೀಮೆಗೆ ಬಂದರು. ಆಗ ಇಲ್ಲಿನ ಕ್ರೈಸ್ತರು ಪೋರ್ಚುಗಲ್ ದೊರೆಯ ಕಡೆಯವರು, ರೋಮಿನ ಕಡೆಯವರು ಎಂದು ಎರಡು ಪಕ್ಷವಾಗಿ ಒಡೆದಿದ್ದರು. ಯಾರು ಕೊಟ್ಟ ಸಂಸ್ಕಾರ ಊರ್ಜಿತ ಎಂಬುದೇ ಜಗಳ. ಎದುರುಪಕ್ಷದ ಬಿಷಪ್ಪರನ್ನು ವಾಜ್ ತಾವೇ ವಿನಯದಿಂದ ಕಂಡು ಒಪ್ಪಂದಕ್ಕೆ ಬಂದರು. ಊರೂರು ನಡೆದರು, ಹಾಳುಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆ ತೆರೆದರು. 1684ರಲ್ಲಿ ಹಿಂತಿರುಗಿ, ಮೂರು ವರ್ಷದ ಮೇಲೆ ಡಚ್ಚರ ಕೈಯಲ್ಲಿದ್ದ ಸಿಂಹಳಕ್ಕೆ ಕೂಲಿಯವನ ವೇಷದಲ್ಲಿ ಹೋದರು. ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳಿಗೆ ಪ್ರವೇಶವಿರಲಿಲ್ಲ. ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆಮನೆಯ ಮುಂದೆ ಭಿಕ್ಷೆಗೆ ನಿಲ್ಲುತ್ತಿದ್ದರಂತೆ. ಮಾಲೆ ನೋಡಿ ಯಾರ ಕಣ್ಣು ಅರಳುತ್ತದೋ ಅವರು ನಮ್ಮವರು ಎಂಬ ಲೆಕ್ಕ. 2015ರ ಜನವರಿಯಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಈ ವಾಜ್ ಅವರನ್ನು ಸಂತರೆಂದು ಸಾರಿದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಇಂದಿಗೂ ಜನ ಅವರ ನೆನಪಿಗೆ ಮೊಣಕಾಲೂರುತ್ತಾರೆ.

ಮುಂದಿನ ಶತಮಾನ ಕತ್ತಿಯ ಶತಮಾನ. 1763ರಲ್ಲಿ ಬಿದನೂರು ಹೈದರಾಲಿಯ ಪಾಲಾಯಿತು. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬದುಕುಳಿದವರಿಗೆ ಬಿಡುಗಡೆಯಾಯಿತು. ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಅಬ್ಬೆ ದುಬಾಯ್. ಅವರು ಈ ನಾಡಿನವರಂತೆ ಉಟ್ಟರು, ಮಾಂಸ ಬಿಟ್ಟರು, ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೆ ನಿಂತರು, ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡವರಿಗಾಗಿ ಬೇಸಾಯದ ನೆಲೆ ಮಾಡಿಕೊಟ್ಟರು. ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಇಷ್ಟಾಗಿಯೂ 1823ರಲ್ಲಿ, ಊರಿಗೆ ಮರಳಿದ ವರ್ಷವೇ, ಅವರು ಪ್ರಕಟಿಸಿದ್ದು ನಿರಾಶೆಯ ಮಾತು: ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಕೆಲಸ ಎಂದು. ಮೂರು ದಶಕ ಜನರ ನಡುವೆ ಬಾಳಿದವರು ಆಡಿದ ಮಾತದು, ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಇಂಗ್ಲೆಂಡಿನ ಮಿಷನರಿಗಳು ಆ ಮಾತಿಗೆ ಸಿಟ್ಟಾದರು.

ದುಬಾಯ್ ಹೊರಟುಹೋದ 13ನೆಯ ವರ್ಷಕ್ಕೆ ಮಂಗಳೂರಿನಲ್ಲಿ 25 ವರ್ಷದ ಜರ್ಮನ್ ತರುಣನೊಬ್ಬ ಹಡಗಿಳಿದ. ನನ್ನ ಕಥನ ನಿಜವಾಗಿ ಆರಂಭವಾಗುವುದು ಇಲ್ಲಿ.

ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ. ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಹೇಬಿಖ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತ್ತು. 1836ರಲ್ಲಿ ಮೋಗ್ಲಿಂಗ್ ಆ ಮೂವರನ್ನು ಕೂಡಿಕೊಂಡರು. ಹೇಬಿಖ್ ಸಂತೆ ಜಾತ್ರೆಗಳಲ್ಲಿ ಎತ್ತರದ ದನಿಯಲ್ಲಿ ಸಾರುವವರ ಪೈಕಿ. ಮೋಗ್ಲಿಂಗರ ರೀತಿ ಬೇರೆ. ಹುಡುಗರಿಗಾಗಿ ಪಾಠಶಾಲೆ ತೆರೆದು, ಅವರ ಜೊತೆ ಒಂದೇ ಸೂರಿನಡಿ ಇದ್ದು, ಅವರು ಉಣ್ಣುವ ಅನ್ನವನ್ನೇ ಉಂಡರು. ಬಿಳಿಯ ಪಾದ್ರಿಗೆ ಬಂಗಲೆ, ಬಟ್ಲರ್, ಪಲ್ಲಕ್ಕಿ ಸಹಜವಾಗಿದ್ದ ಕಾಲದಲ್ಲಿ ಇದು ಅವರ ಜೊತೆಯವರಿಗೇ ಹಿಡಿಸದ ನಡತೆ. ಕಲಿಸುವವನು ಕಲಿಯುವವನಿಗಿಂತ ಎತ್ತರದಲ್ಲಿ ಕೂತರೆ ಮಾತು ಕಿವಿಗೆ ತಲುಪೀತು, ಎದೆಗೆ ಇಳಿಯದು. ಇದನ್ನು ಮೋಗ್ಲಿಂಗ್ ಎಳವೆಯಲ್ಲೇ ಅರಿತಿದ್ದರು ಎಂದು ಅವರ ಬಾಳು ನೋಡಿದರೆ ತಿಳಿಯುತ್ತದೆ.

ಅವರು ಕನ್ನಡ ಕಲಿತ ಬಗೆಯೂ ಹಾಗೆಯೇ. ಸಾರಲು ಬೇಕಾದಷ್ಟು ಕಲಿತು ನಿಲ್ಲಿಸಲಿಲ್ಲ. ಗಾದೆಗಳನ್ನು ಕೂಡಿಹಾಕಿದರು, ತಾಳೆಗರಿ ಓದಿಸಿಕೊಂಡರು, ದಾಸರ ಹಾಡು ಕೇಳಿ ಬರೆಸಿಕೊಂಡರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಗಾಂಧಿ ಬಜಾರಿನ ಅಂಗಡಿ ಮೆಟ್ಟಿಲ ಮೇಲೆ ದಿನಪತ್ರಿಕೆ ಬಿಡಿಸುವ ನಾವು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ಮುಂದಿನ ವರ್ಷ ಅಚ್ಚುಮೊಳೆಗಳ ಅನುಕೂಲಕ್ಕಾಗಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಆಮೇಲೆ ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಹಣದ ನೆರವಿನಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಗ್ರಂಥಮಾಲೆ ಹೊರಟಿತು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಅದರಲ್ಲಿ ಅಚ್ಚು ಕಂಡವು. ವೈಷ್ಣವರ ಹಾಡು, ವೀರಶೈವರ ಪುರಾಣ, ಅಚ್ಚು ಹಾಕಿಸಿದವರು ಕ್ರೈಸ್ತ ಪಾದ್ರಿ!

ಈ ಪಾದ್ರಿಯ ಸಹವಾಸಕ್ಕೆ ಬಂದ ಸಾರಸ್ವತ ಬ್ರಾಹ್ಮಣರ ಹುಡುಗ ಆನಂದರಾಯ ಕೌಂಡಿನ್ಯ. ಹುಟ್ಟಿದ್ದು 1825ರಲ್ಲಿ, ಮಂಗಳೂರಿನಲ್ಲಿ. ಇಂಗ್ಲಿಷ್ ಕಲಿಯಲೆಂದು ಮಿಷನ್ ಶಾಲೆಗೆ ಸೇರಿದವನು. ಕಚೇರಿಯ ಕೆಲಸ ಸಿಗಲಿ ಎಂದು ಎಲ್ಲ ಮನೆಯವರೂ ಮಕ್ಕಳನ್ನು ಕಳಿಸುತ್ತಿದ್ದ ಕಾಲ. ಬೈಬಲ್ ಪಾಠ ಆ ಶಾಲೆಯ ನಿತ್ಯದ ಪಾಠವೇ. ನೂರು ಹುಡುಗರು ಕೇಳುತ್ತಿದ್ದರು, ಕೇಳಿ ಮನೆಗೆ ಹೋಗುತ್ತಿದ್ದರು. ಆನಂದರಾಯನನ್ನು ಹಿಡಿದು ನಿಲ್ಲಿಸಿದ್ದು ಪಾಠವಲ್ಲ, ಪಾಠ ಹೇಳುತ್ತಿದ್ದವರು ಎಂದೇ ನನ್ನ ನಂಬಿಕೆ. ಅಪರೂಪದ ಗುರುವೊಬ್ಬರು ಸಿಕ್ಕಾಗ ಶಿಷ್ಯನಿಗೆ ಅವರ ವಿದ್ಯೆಯಷ್ಟೇ ಅವರ ದೇವರೂ ಬೇಕೆನಿಸುತ್ತದೆ. ನಮ್ಮ ಮಠಗಳ ಪರಂಪರೆಯೂ ಇದನ್ನೇ ತಾನೆ ಬಲ್ಲದ್ದು?

1844ರ ಜನವರಿಯಲ್ಲಿ ಆನಂದರಾಯ ಇನ್ನಿಬ್ಬರು ಸಾರಸ್ವತ ತರುಣರ ಜೊತೆ ದೀಕ್ಷಾಸ್ನಾನ ಪಡೆದ. ಹೊಸ ಹೆಸರು ಇಟ್ಟುಕೊಳ್ಳುವ ವೇಳೆಗೆ ಗುರುವಿನ ಹೆಸರನ್ನೇ ಆರಿಸಿಕೊಂಡ. ಹರ್ಮನ್ ಆನಂದರಾಯ ಕೌಂಡಿನ್ಯ: ಜರ್ಮನ್ ಹೆಸರು, ತಂದೆತಾಯಿ ಇಟ್ಟ ಹೆಸರು, ಗೋತ್ರದ ಹೆಸರು, ಮೂರನ್ನೂ ಒಟ್ಟಿಗೆ ಹೊತ್ತ. ಒಂದನ್ನೂ ಕಳಚಲಿಲ್ಲ.

ಮಂಗಳೂರು ತಲ್ಲಣಿಸಿತು. ಈ ಭಾಗವನ್ನು ಮಿಷನ್ನಿನ ಕಥೆ ಹೇಳುವವರು ಗೆಲುವಿನ ದನಿಯಲ್ಲಿ ಹೇಳಿ ದಾಟಿಬಿಡುತ್ತಾರೆ, ನಾನು ದಾಟಲಾರೆ. ಮೀಸಲು ನೀರು, ಮಡಿ, ಪಿತೃಕಾರ್ಯಗಳ ಮೇಲೆ ನಿಂತ ಮನೆಯಲ್ಲಿ ಮಗ ಜಾತಿ ಬಿಟ್ಟನೆಂದರೆ ಬದುಕಿದ್ದೂ ಸತ್ತಂತೆ. ಎಳ್ಳುನೀರು ಬಿಡುವವರಿಲ್ಲದ ತಂದೆ, ಕೈತುತ್ತು ಇಕ್ಕಲಾಗದ ತಾಯಿ: ಅವರ ಕಣ್ಣೀರು ಸುಳ್ಳಲ್ಲ. ಆಗಿನ ಕಾನೂನಿನಲ್ಲಿ ಹಾಗೆ ಹೊರಬಂದವನಿಗೆ ಪಿತ್ರಾರ್ಜಿತದ ಹಕ್ಕೂ ಗಟ್ಟಿಯಿರಲಿಲ್ಲ. ಅದನ್ನು ಕಾಯುವ ಶಾಸನ ಬಂದದ್ದು 1850ರಲ್ಲಿ. ಹೀಗೆ ಆ ತರುಣ ಬಿಟ್ಟುಬಂದದ್ದು ದೊಡ್ಡದು, ಮನೆಯವರು ಕಳೆದುಕೊಂಡದ್ದೂ ದೊಡ್ಡದು. ಮೋಗ್ಲಿಂಗರ ಬರಹಗಳಲ್ಲಿ ನಮ್ಮ ಹಿರಿಯರ ದೇವರುಗಳ ಬಗೆಗೆ, ಜಾತಿಯ ಬಗೆಗೆ ಕಟುವಾದ ಮಾತುಗಳಿವೆ. ಜಾತಿಯ ಬಗ್ಗೆ ಆಡಿದ ಮಾತಿನಲ್ಲಿ ಸತ್ಯವಿತ್ತು. ದೇವರ ಬಗ್ಗೆ ಆಡಿದ ಮಾತು ಗಾಯ ಮಾಡಿತು.

ಇಲ್ಲಿ ಮೋಗ್ಲಿಂಗರ ಎರಡನೆಯ ಗುಣ ತೋರುತ್ತದೆ. ನಂಬಿಸಿ ಕರೆತಂದ ಮೇಲೆ ಅವರು ಕೈಬಿಡಲಿಲ್ಲ. ಆನಂದರಾಯನನ್ನು ತಮ್ಮ ಕೈಕೆಳಗಿನ ಉಪದೇಶಿಯಾಗಿ ಇಟ್ಟುಕೊಂಡು ತೃಪ್ತರಾಗಬಹುದಿತ್ತು; ಅಂದಿನ ವಾಡಿಕೆ ಅದೇ. ಬದಲಿಗೆ, ತಮ್ಮಂತೆಯೇ ಪೂರ್ಣ ಮಿಷನರಿಯಾಗಲಿ ಎಂದು ಬಯಸಿದರು. 1846ರಲ್ಲಿ ಆನಂದರಾಯ ಬಾಸೆಲ್‌ಗೆ ಹೋದ. ಕಡಲು ದಾಟಿದರೆ ಬಹಿಷ್ಕಾರ ಎನ್ನುವ ಕಾಲದಲ್ಲಿ, ಅದಾಗಲೇ ಬಹಿಷ್ಕೃತನಾಗಿದ್ದ ತರುಣ ಹಿಮದ ನಾಡಿನಲ್ಲಿ ಐದು ವರ್ಷ ಓದಿದ. 1851ರಲ್ಲಿ ಯಾಜಕ ದೀಕ್ಷೆ ಪಡೆದು ಕೌಂಡಿನ್ಯರು ಮರಳಿದರು, ಬಾಸೆಲ್ ಮಿಷನ್ನಿನ ಮೊದಲ ಭಾರತೀಯ ಮಿಷನರಿಯಾಗಿ. ಮಂಗಳೂರಿನ ಬಲ್ಮಠದ ಸೆಮಿನರಿಯಲ್ಲಿ ಪಾಠ ಹೇಳುವ ಆಸನ ಅವರದಾಯಿತು.

ಗುರು ಅಷ್ಟರಲ್ಲಿ ಮತ್ತೊಬ್ಬ ಮನುಷ್ಯನ ಕರೆಗೆ ಓಗೊಟ್ಟಿದ್ದರು. 1852ರ ಹೊತ್ತಿಗೆ ಊರಿಗೆ ಹಿಂತಿರುಗುವ ಯೋಚನೆಯಲ್ಲಿದ್ದ ಮೋಗ್ಲಿಂಗರ ಬಳಿಗೆ ಕೊಡಗಿನ ಆಲ್ಮಂಡ ಸೋಮಯ್ಯ ಬಂದ. ತನಗೆ ಕ್ರೈಸ್ತ ಮಾರ್ಗ ಕಲಿಸಬೇಕೆಂದ. ಒಬ್ಬನೇ ಒಬ್ಬನಿಗಾಗಿ ಮೋಗ್ಲಿಂಗ್ ಪ್ರಯಾಣ ಬಿಟ್ಟು ಕೊಡಗು ಹತ್ತಿದರು. ಸೋಮಯ್ಯ 1853ರಲ್ಲಿ ಸ್ತೆಫನಸ್ ಸೋಮಯ್ಯನಾದ; ಕುಲದವರ ಬಹಿಷ್ಕಾರವನ್ನೂ ಉಂಡ. ಆದರೆ ಮೋಗ್ಲಿಂಗ್ ನಿರೀಕ್ಷಿಸಿದ್ದಂತೆ ಕೊಡವರು ಸೋಮಯ್ಯನ ಹಿಂದೆ ಬರಲಿಲ್ಲ. ಬಂದವರು ಹೊಲೆಯರು, ತಲೆತಲಾಂತರದಿಂದ ಒಡೆಯರ ಗದ್ದೆಗಳಲ್ಲಿ ಜೀತಕ್ಕೆ ಕಟ್ಟಿಬಿದ್ದವರು. ಕರೆದದ್ದು ಒಂದು ಬಾಗಿಲಲ್ಲಿ, ತೆರೆದದ್ದು ಇನ್ನೊಂದು ಬಾಗಿಲು. ಅವರಿಗಾಗಿ ಹುಟ್ಟಿದ ಹಳ್ಳಿಯ ಹೆಸರು ಆನಂದಪುರ. ಇದು ಸಾಗರದ ದಾರಿಯಲ್ಲಿರುವ ನಮ್ಮ ಆನಂದಪುರವಲ್ಲ, ಕೊಡಗಿನದು. ಅಲ್ಲಿ ಕಾಫಿ ತೋಟ ಮಾಡಿ ಆ ಜನರಿಗೆ ದುಡಿಮೆಯ ನೆಲೆ ಕಲ್ಪಿಸಿದವರು ಯಾರೆಂದರೆ, ಮಂಗಳೂರಿನಿಂದ ಬಂದ ಕೌಂಡಿನ್ಯರು. ಹುಟ್ಟಿನಿಂದ ಯಾರ ನೆರಳನ್ನು ಮುಟ್ಟಬಾರದೆಂದು ಕಲಿತಿದ್ದರೋ ಅವರ ಬಿಡಾರದ ನಡುವೆಯೇ ಆ ಬ್ರಾಹ್ಮಣ ಬಂದು ನಿಂತರು. ದೀಕ್ಷೆಯ ನೀರು ತಲೆಯ ಮೇಲೆ ಬಿದ್ದ ದಿನಕ್ಕಿಂತ ಈ ದಿನವೇ ಅವರ ಮತಾಂತರ ಪೂರ್ಣವಾದ ದಿನವೆಂದು ನನಗೆ ತೋರುತ್ತದೆ.

ಈ ತಳಮಳ ಹಿಂದೂ ಸಮಾಜದೊಳಗೂ ಕೆಲಸ ಮಾಡಿತು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರು ಮಂಗಳೂರಿನಲ್ಲಿ ಬ್ರಹ್ಮಸಮಾಜ ಸ್ಥಾಪಿಸಿದರು. ಅವರ ಬಳಗದ ಸಾರಸ್ವತ ಬ್ರಾಹ್ಮಣ ಕುದ್ಮುಲ್ ರಂಗರಾಯರು ಮುಂದೆ ದಲಿತ ಮಕ್ಕಳಿಗೆ ಶಾಲೆ ತೆರೆದು ತಮ್ಮವರಿಂದಲೇ ಹೊರಗಾದರು. ಘಟ್ಟದ ಮೇಲೆ ವೆಸ್ಲಿಯನ್ ಮಿಷನ್ನಿನವರು ಶಿವಮೊಗ್ಗದಲ್ಲೂ ನೆಲೆ ಮಾಡಿಕೊಂಡರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕುಲುಮೆ ಹಚ್ಚಿದ ಮೇಲೆ ದೂರದೂರದಿಂದ ದುಡಿಯಲು ಬಂದವರಲ್ಲಿ ಕ್ರೈಸ್ತ ಕುಟುಂಬಗಳೂ ಇದ್ದವು. ಆ ಕಥೆಗಳೆಲ್ಲ ಬೇರೆ ಬೇರೆ ಹಾಳೆಗಳನ್ನು ಬೇಡುತ್ತವೆ.

ಗುರುಶಿಷ್ಯರ ಕಥೆಗೆ ಮರಳಿದರೆ, 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು; ಎಷ್ಟು ಜನರಿಗೆ ದೀಕ್ಷೆ ಕೊಟ್ಟರೆಂದಲ್ಲ, ಕನ್ನಡ ಸಾಹಿತ್ಯಕ್ಕೆ ಮಾಡಿದ ಸೇವೆಗಾಗಿ. 1860ರಲ್ಲಿ ಅವರು ಈ ನಾಡನ್ನು ಬಿಟ್ಟು ಹೊರಟರು, ಮತ್ತೆ ಬರಲಾಗಲಿಲ್ಲ. 24 ವರ್ಷ ಉಂಡ ಅನ್ನ, ಆಡಿದ ನುಡಿ ಇಲ್ಲೇ ಉಳಿದವು. ಕೌಂಡಿನ್ಯರು ಅದೇ ವರ್ಷ ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬ ಹೆಣ್ಣುಮಗಳನ್ನು ಮದುವೆಯಾಗಿ ಸಂಸಾರ ಹೂಡಿದರು.

1881ರಲ್ಲಿ ಎಸ್ಲಿಂಗನ್ ಪಟ್ಟಣದಲ್ಲಿ ಹರ್ಮನ್ ಮೋಗ್ಲಿಂಗ್ ಕಣ್ಣುಮುಚ್ಚಿದರು. ಅವರ ಹೆಸರು ಹೊತ್ತ ಇನ್ನೊಬ್ಬ ಹರ್ಮನ್, ಕೌಂಡಿನ್ಯ ಗೋತ್ರದವರು, ಅದಾದ ಮೇಲೂ 12 ವರ್ಷ ಬಾಳಿದರು.