ಜೇಬಿನೊಳಗಿನ ಭೂಕಂಪ

ಫೋನು ರಿಂಗಾಗುವ ಒಂದೆರಡು ಸೆಕೆಂಡು ಮೊದಲೇ ಪಕ್ಕದಲ್ಲಿದ್ದ ಟೇಪ್ ರೆಕಾರ್ಡರೋ ಕಂಪ್ಯೂಟರ್ ಸ್ಪೀಕರೋ "ಟಡಡ್ ಟಡಡ್ ಟರ್ರ್..." ಅಂತ ಗೊಣಗುತ್ತಿದ್ದದ್ದು ನಿಮಗೆ ನೆನಪಿರಬಹುದು. ಜಿಎಸ್ಎಂ ಫೋನು ಮಾತಾಡುವಾಗ ಅದರ ಟ್ರಾನ್ಸ್‌ಮಿಟರ್ ಸೆಕೆಂಡಿಗೆ ಸುಮಾರು 217 ಸಲ ಮಿಡಿಯುತ್ತದೆ. ಆ ಮಿಡಿತವನ್ನೇ ಸ್ಪೀಕರಿನ ಸರ್ಕ್ಯೂಟು ಹಿಡಿದುಕೊಂಡು ನಮಗೆ ಕೇಳಿಸುತ್ತಿತ್ತು. ಇದು ಫೋನು ಬೇರೆಯವರಿಗೆ ಕೊಡುತ್ತಿದ್ದ ಕಾಟ. ಬೇರೆಯವರಿಂದ ಫೋನು ಅನುಭವಿಸುವ ಕಾಟ ಇನ್ನೂ ದೊಡ್ಡದು. ಅದರಿಂದ ಪಾರಾದ ಕತೆ ಹೇಳೋಣ ಅಂತ ಇವತ್ತು ಕೀಲಿಮಣೆ ಕುಟ್ಟುತ್ತಿದ್ದೇನೆ. ಓದಿದ್ದು ಎಲೆಕ್ಟ್ರಾನಿಕ್ಸ್, ಅನ್ನ ಹಾಕುತ್ತಿರುವುದು ಸಾಫ್ಟ್‌ವೇರ್. ಹಾಗಾಗಿ ಸ್ವಲ್ಪ ಕೊರೆತ ಇರುತ್ತದೆ, ಸಹಿಸಿಕೊಳ್ಳಿ :-)

ಮೊದಲು ಸಮಸ್ಯೆ ಏನು ಅಂತ ನೋಡೋಣ. 900 ಮೆಗಾಹರ್ಟ್ಸ್ ಜಿಎಸ್ಎಂ ಫೋನು ಹೊರಗೆ ಕೂಗುವಾಗ ಗರಿಷ್ಠ 2 ವ್ಯಾಟ್ ಶಕ್ತಿ ಬಳಸುತ್ತದೆ. ಆದರೆ ಅದು ಕೇಳಿಸಿಕೊಳ್ಳಬೇಕಾದ ಪಿಸುಮಾತು ಎಷ್ಟು ಸಣ್ಣದು ಗೊತ್ತೇ? ಒಂದು ವ್ಯಾಟನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ಕಡಿಮೆ! ಸಂತೆಯ ನಡುವೆ ನಿಂತು ಆಚೆ ಬೀದಿಯ ಗುಸುಗುಸು ಕೇಳಿಸಿಕೊಂಡ ಹಾಗೆ.

"ಅದಕ್ಕೇನಂತೆ, ಎಲ್ಲವನ್ನೂ ಒಳಗೆ ಬಿಟ್ಟುಕೊಂಡು ಆಮೇಲೆ ಸಾಫ್ಟ್‌ವೇರಿನಲ್ಲಿ ಸೋಸಿದರಾಯಿತು" ಅನ್ನುವುದು ನಮ್ಮ ಜಾತಿಯವರ ಉತ್ತರ. 1990ರ ದಶಕದ ಮೊದಲಲ್ಲಿ ಜೋಸೆಫ್ ಮಿಟೋಲಾ ಎಂಬ ಎಂಜಿನಿಯರ್ 'ಸಾಫ್ಟ್‌ವೇರ್ ರೇಡಿಯೋ' ಎಂಬ ಕಲ್ಪನೆ ಮುಂದಿಟ್ಟಾಗಿನಿಂದ ಈ ಆಸೆ ಇದ್ದೇ ಇದೆ. ತೊಡಕು ಇರುವುದು ಆಂಪ್ಲಿಫೈಯರಿನಲ್ಲಿ. ಎರಡು ಜೋರು ಸಿಗ್ನಲ್‌ಗಳು ಒಟ್ಟಿಗೆ ನುಗ್ಗಿದರೆ ಅದು ಎರಡನ್ನೂ ಕಲಸಿ ಮೂರನೆಯದನ್ನು ಹುಟ್ಟಿಸಿಬಿಡುತ್ತದೆ. ನಮ್ಮಲ್ಲೇ ಒಂದು ಉದಾಹರಣೆ ಇದೆ. 2000ರ ದಶಕದಲ್ಲಿ ಒಂದೇ ಊರಿನಲ್ಲಿ ಜಿಎಸ್ಎಂ, ಸಿಡಿಎಂಎ ಎರಡೂ ಇದ್ದವಲ್ಲ. ಸಿಡಿಎಂಎ ಟವರಿನ ಸಿಗ್ನಲ್ 885 ಮೆಗಾಹರ್ಟ್ಸಿನಲ್ಲಿ, ಪಕ್ಕದವನ ಸಿಡಿಎಂಎ ಫೋನು 825ರಲ್ಲಿ ಇದೆ ಅಂದುಕೊಳ್ಳಿ. 885ರ ಎರಡರಷ್ಟರಲ್ಲಿ 825 ಕಳೆಯಿರಿ. ಉತ್ತರ 945. ಸರಿಯಾಗಿ ನಮ್ಮ ಜಿಎಸ್ಎಂ ಫೋನು ಕಿವಿಗೊಟ್ಟಿರುವ ಜಾಗ! ಅಲ್ಲಿ ಹೊಸ ಗಲಾಟೆ ಹುಟ್ಟಿದ ಮೇಲೆ ನಮ್ಮ ಮಾತು ಯಾವುದು, ಗಲಾಟೆ ಯಾವುದು ಅಂತ ಯಾವ ಪ್ರೋಗ್ರಾಮು ಬೇರ್ಪಡಿಸೀತು? ಸೋಸುವ ಕೆಲಸ ಬಾಗಿಲಲ್ಲೇ ಆಗಬೇಕು.

ಹಳೆಯ ರೇಡಿಯೋಗಳಲ್ಲಿ ಸುರುಳಿ ಮತ್ತು ಕೆಪಾಸಿಟರುಗಳಿಂದ ಸೋಸುತ್ತಿದ್ದರು. ಆದರೆ ಅವು ತೀಕ್ಷ್ಣವಾಗಿ ಸೋಸಬೇಕಾದರೆ ಜಾಗ ಬೇಕು, ಜೇಬಿನಲ್ಲಿ ಜಾಗ ಎಲ್ಲಿದೆ? ಇಲ್ಲಿ ಕೈಹಿಡಿದದ್ದು ಭೂಕಂಪ!

1885ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲೀ ಒಂದು ಲೆಕ್ಕ ಬಿಡಿಸಿದ. ಗಟ್ಟಿ ವಸ್ತುವಿನ ಒಳಕ್ಕೆ ಇಳಿಯದೆ, ಮೇಲ್ಮೈಯನ್ನೇ ತಬ್ಬಿಕೊಂಡು ಸಾಗುವ ಅಲೆಗಳು ಇರಲು ಸಾಧ್ಯ ಅಂತ ತೋರಿಸಿದ. ಭೂಕಂಪಗಳಲ್ಲಿ ಇವುಗಳ ಪಾತ್ರ ಇರಬಹುದು ಅಂತಲೂ ಸೂಚಿಸಿದ. ಈ ರೇಲೀ ನಮಗೆ ಪೂರ್ತಿ ಅಪರಿಚಿತನಲ್ಲ. ಸಮುದ್ರ ನೀಲಿಯಾಗಿ ಕಾಣುವುದು ಆಕಾಶದ ಪ್ರತಿಫಲನದಿಂದ ಅಂತ ಹೇಳಿದ್ದವನು ಇವನೇ. 1921ರಲ್ಲಿ ಅದನ್ನು ಪ್ರಶ್ನಿಸಿದವರು ಸಿ.ವಿ. ರಾಮನ್, ಮುಂದೆ ನಮ್ಮ ಬೆಂಗಳೂರಿನವರೇ ಆಗಿಹೋದರು.

ಅದಕ್ಕೂ ಐದು ವರ್ಷ ಮೊದಲು, 1880ರಲ್ಲಿ, ಫ್ರಾನ್ಸಿನ ಕ್ಯೂರಿ ಸಹೋದರರು ಕ್ವಾರ್ಟ್ಜ್ ಮುಂತಾದ ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಕಂಡುಕೊಂಡಿದ್ದರು. ವಿದ್ಯುತ್ ಕೊಟ್ಟರೆ ಹರಳು ಅದುರುವುದೂ ಬೇಗನೆ ಗೊತ್ತಾಯಿತು. ಆದರೂ ಈ ಎರಡು ವಿಷಯಗಳನ್ನು ಜೋಡಿಸಿ ಅಚ್ಚುಕಟ್ಟಾದ ಸಾಧನ ಮಾಡುವ ದಾರಿ ಸಿಕ್ಕಿದ್ದು 1965ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ವೈಟ್ ಮತ್ತು ವೋಲ್ಟ್‌ಮರ್ ಎಂಬಿಬ್ಬರು ಹರಳಿನ ಮೇಲೆ ಲೋಹದ ಎರಡು ಬಾಚಣಿಗೆಗಳನ್ನು, ಹಲ್ಲಿನೊಳಗೆ ಹಲ್ಲು ಬರುವಂತೆ ಕೂರಿಸಿದರು. ಅದಕ್ಕೆ ಸಿಗ್ನಲ್ ಕೊಟ್ಟರೆ ಹರಳಿನ ಮೈಮೇಲೆ ಪುಟ್ಟ ರೇಲೀ ಅಲೆ ಏಳುತ್ತದೆ. ಆ ಕಡೆ ಇನ್ನೊಂದು ಜೊತೆ ಬಾಚಣಿಗೆ ಅದನ್ನು ಹಿಡಿದು ಮತ್ತೆ ವಿದ್ಯುತ್ ಮಾಡುತ್ತದೆ. ಹಲ್ಲುಗಳ ಅಂತರಕ್ಕೆ ಹೊಂದುವ ಅಲೆ ಮಾತ್ರ, ಲಯಕ್ಕೆ ಸರಿಯಾಗಿ ತಳ್ಳಿದ ಉಯ್ಯಾಲೆಯಂತೆ, ಬೆಳೆಯುತ್ತದೆ. ಉಳಿದವು ಒಂದನ್ನೊಂದು ಹೊಡೆದುಹಾಕಿಕೊಳ್ಳುತ್ತವೆ.

ಇದರಿಂದ ಜಾಗ ಹೇಗೆ ಉಳಿಯಿತು? ಹರಳಿನ ಮೇಲಿನ ಅಲೆಯ ವೇಗ ಸೆಕೆಂಡಿಗೆ ಮೂರು ನಾಲ್ಕು ಕಿಲೋಮೀಟರು, ರೇಡಿಯೋ ಅಲೆಯದು ಮೂರು ಲಕ್ಷ ಕಿಲೋಮೀಟರು. ಹಾಗಾಗಿ ಗಾಳಿಯಲ್ಲಿ ಸುಮಾರು 32 ಸೆಂಟಿಮೀಟರ್ ಉದ್ದದ ಅಲೆ ಹರಳಿನ ಮೇಲೆ 4 ಮೈಕ್ರಾನಿನ ಆಸುಪಾಸಿಗೆ ಕುಗ್ಗುತ್ತದೆ. ಬಾಚಣಿಗೆಯ ಹಲ್ಲಿನ ಅಗಲ ಒಂದು ಮೈಕ್ರಾನ್ ಇದ್ದರೆ ಸಾಕು. ಇಂಥ ಫಿಲ್ಟರುಗಳು 1970ರ ದಶಕದಲ್ಲಿ ಟಿವಿಗಳಿಗೆ ಬಂದವು, ಆಮೇಲೆ ಮೊಬೈಲಿಗೆ.

ಆವರ್ತನ ಏರಿದಂತೆ ಹಲ್ಲುಗಳು ಇನ್ನೂ ಸಪೂರವಾಗಬೇಕು, ಅದು ಕಷ್ಟ. ಅಮೆರಿಕದ 1900 ಮೆಗಾಹರ್ಟ್ಸ್ ಸಿಡಿಎಂಎ ಫೋನುಗಳಲ್ಲಿ ಮಾತು ಮತ್ತು ಆಲಿಕೆ ಒಟ್ಟಿಗೇ ನಡೆಯುತ್ತಿತ್ತು, ಎರಡರ ನಡುವಿನ ಬೇಲಿ ಬರೀ 20 ಮೆಗಾಹರ್ಟ್ಸ್. ಅಲ್ಲಿ ಎಚ್‌ಪಿ, ಆಮೇಲೆ ಅದರಿಂದ ಒಡೆದ ಅಜಿಲೆಂಟ್ ಕಂಪನಿಯಲ್ಲಿ ರಿಚ್ ರೂಬಿಯ ತಂಡ ಬೇರೆ ದಾರಿ ಹಿಡಿಯಿತು. ಅಲ್ಯೂಮಿನಿಯಂ ನೈಟ್ರೈಡಿನ ತೆಳುಪೊರೆಯೊಂದನ್ನು ತಮಟೆಯ ಚರ್ಮದಂತೆ ಬಿಗಿದು, ಅದರ ದಪ್ಪದಲ್ಲೇ ಅಲೆ ಓಡಾಡುವಂತೆ ಮಾಡಿದರು. 2001ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂತು. ಅದಕ್ಕೂ ಮೊದಲು ಆ ಕೆಲಸಕ್ಕೆ ದಪ್ಪ ದಪ್ಪ ಸೆರಾಮಿಕ್ ತುಂಡುಗಳು ಬೇಕಾಗಿದ್ದವು.

ಇಷ್ಟೆಲ್ಲ ಆದಮೇಲೆ ರೇಡಿಯೋದ ಎಷ್ಟೋ ಭಾಗಗಳು ಒಂದೇ ಚಿಪ್ಪಿನೊಳಗೆ ಕರಗಿದವು, ಇನ್ನೆಷ್ಟೋ ಸಾಫ್ಟ್‌ವೇರಿನ ಪಾಲಾದವು. ಬಾಗಿಲಲ್ಲಿ ನಿಂತ ಈ ಫಿಲ್ಟರು ಮಾತ್ರ ಕದಲಲಿಲ್ಲ. 4ಜಿ, 5ಜಿ ಬಂದು ಬ್ಯಾಂಡುಗಳು ಹೆಚ್ಚಿದ ಹಾಗೆಲ್ಲ ಅವೂ ಹೆಚ್ಚಾದವು. ನಿಮ್ಮ ಸ್ಮಾರ್ಟ್‌ಫೋನಿನಲ್ಲಿ ಈಗ ಇಂಥವು ಹತ್ತಾರು ಇವೆ.

ಆಫೀಸಿನಲ್ಲಿ ಯಾವ ಹೊಸ ಯೋಚನೆ ಹೇಳಿದರೂ ಮೊದಲು ಬರುವ ಪ್ರಶ್ನೆ, "ಇದರಿಂದ ಈ ಕ್ವಾರ್ಟರಿಗೆ ಏನು ಉಪಯೋಗ?" ಅಂತ. ರೇಲೀಯನ್ನು ಹಾಗೆ ಕೇಳಿದ್ದರೆ ಪಾಪ ಅವನ ಹತ್ತಿರ ಉತ್ತರವಿರುತ್ತಿರಲಿಲ್ಲ. ಅವನ ಲೆಕ್ಕ ಬಾಚಣಿಗೆಯ ತನಕ ಬರಲು ಎಂಬತ್ತು ವರ್ಷ ಬೇಕಾಯಿತು. ಅಷ್ಟು ಕಾಲ ಅದನ್ನು ಕಾಪಾಡಿದ್ದು ಉಪಯೋಗ ಕೇಳದೆ ಓದಿದ, ಕಲಿಸಿದ, ಪುಸ್ತಕಗಳಲ್ಲಿ ಉಳಿಸಿದ ಜನ. ನಮ್ಮ ಕಾಲೇಜುಗಳಲ್ಲಿ "ಇದು ಕೆಲಸಕ್ಕೆ ಬರಲ್ಲ" ಅಂತ ಮೂಲವಿಜ್ಞಾನದ ಪಾಠಗಳನ್ನು ಮೂಲೆಗೆ ತಳ್ಳುವವರು ಒಮ್ಮೆ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳಲಿ. ಅಲ್ಲಿ ಸದ್ದಿಲ್ಲದೆ ಭೂಮಿ ನಡುಗುತ್ತಿದೆ.