ಪಕ್ಷ ಒಡೆದಾಗ ದೊರೆತ ವಿರೋಧ ನಾಯಕ

ನಮ್ಮ ಚಿತ್ರದುರ್ಗದ ವಕೀಲರಾದ ಎಸ್. ನಿಜಲಿಂಗಪ್ಪನವರು 1952ರಲ್ಲಿ ಈ ಸೀಮೆಯಿಂದಲೇ ಲೋಕಸಭೆಗೆ ಹೋದವರು; 1968ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1969ರ ಆಗಸ್ಟಿನ ರಾಷ್ಟ್ರಪತಿ ಚುನಾವಣೆಗೆ ಪಕ್ಷದ ಉಮೇದುವಾರರು ಸಂಜೀವರೆಡ್ಡಿಯವರು. ಪ್ರಧಾನಿ ಇಂದಿರಾಗಾಂಧಿಯವರು ಅಂತಃಸಾಕ್ಷಿಯಂತೆ ಮತ ನೀಡಿರೆಂದರು; ಗೆದ್ದವರು ಗಿರಿಯವರು. ನವೆಂಬರ್ 12ರಂದು ನಿಜಲಿಂಗಪ್ಪನವರ ಬಣ ಪ್ರಧಾನಿಯನ್ನೇ ಉಚ್ಚಾಟಿಸಿತು.

ಸರ್ಕಾರ ಬಹುಮತ ಕಳೆದುಕೊಂಡಿತಾದರೂ ಬೀಳಲಿಲ್ಲ, ಕಮ್ಯುನಿಸ್ಟರೂ ಡಿ.ಎಂ.ಕೆ.ಯವರೂ ಹೆಗಲು ಕೊಟ್ಟರು. ಇತ್ತ ಬೇರೆಯಾದ ಬಣದ ರಾಮಸುಭಗ ಸಿಂಗರು ಲೋಕಸಭೆಯಲ್ಲಿ ಮಾನ್ಯತೆ ಪಡೆದ ಮೊದಲ ವಿರೋಧಪಕ್ಷದ ನಾಯಕರಾದರು. ಒಂದೇ ಪಕ್ಷದ ಹಿಡಿತದಲ್ಲಿ 17 ವರ್ಷ ಸಭೆಗೆ ದೊರೆಯದಿದ್ದುದು ಪಕ್ಷ ಒಡೆದಾಗ ದೊರೆಯಿತು.

1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ, ಸದನದಲ್ಲಿ ವಿಪ್ ಮೀರಿದ ಸದಸ್ಯ ಸ್ಥಾನವನ್ನೇ ಕಳೆದುಕೊಳ್ಳಬಹುದು. ಪಕ್ಷಕ್ಕೆ ಶಿಸ್ತು ಬೇಕು, ನಿಜ. ಆದರೆ ಹಿರಿಯೂರಿನ ಮತದಾರ ದೆಹಲಿಗೆ ಕಳಿಸುವುದು ಪ್ರತಿನಿಧಿಯನ್ನು. ಬರಿಯ ಎತ್ತುವ ಕೈಯನ್ನಲ್ಲವೆಂದೇ ನನ್ನ ನಂಬಿಕೆ.