ಮತಪೆಟ್ಟಿಗೆಯಲ್ಲಿ ಕಳೆದುಹೋದ ನಂಬಿಕೆ: ನ್ಯೂಯಾರ್ಕ್ ಪೌರ ನೌಕರರ ಸಂಘದ ಕಥೆ

1971ರ ಜೂನ್ 7, ಸೋಮವಾರ. ನ್ಯೂಯಾರ್ಕ್ ನಗರದಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಟ ಲಕ್ಷಾಂತರ ಜನ ನದಿಯ ದಡಗಳಲ್ಲಿ ಸಿಕ್ಕಿಬಿದ್ದರು. ಹಡಗುಗಳಿಗೆ ದಾರಿ ಬಿಡಲೆಂದು ಮೇಲೆತ್ತುವ ಸೇತುವೆಗಳನ್ನು ಅವುಗಳ ನಿರ್ವಾಹಕರೇ ಎತ್ತಿ, ಯಂತ್ರದ ಭಾಗಗಳನ್ನು ಕಳಚಿಕೊಂಡು ಹೊರಟುಹೋಗಿದ್ದರು. ಕೊಳಚೆ ನೀರು ಶುದ್ಧೀಕರಣ ಘಟಕಗಳ ನೌಕರರೂ ಹೊರಬಂದಿದ್ದರಿಂದ ಮಹಾನಗರದ ಕೊಳಚೆ ನೇರವಾಗಿ ನದಿ ಸೇರತೊಡಗಿತು. ಕಾರಣ ಪಿಂಚಣಿ. ಮೇಯರ್ ಆಡಳಿತ ಒಪ್ಪಿಕೊಂಡಿದ್ದ ಪಿಂಚಣಿ ಯೋಜನೆಗೆ ರಾಜ್ಯದ ಶಾಸನಸಭೆ ಒಪ್ಪಿಗೆ ಕೊಡಲಿಲ್ಲ.

ಎರಡು ದಿನಗಳ ಈ ಮುಷ್ಕರದಿಂದ ನೌಕರರಿಗೆ ಏನೂ ದಕ್ಕಲಿಲ್ಲ. ಶಾಸನಸಭೆ ಜಗ್ಗಲಿಲ್ಲ, ಜನ ಮಾತ್ರ ಸಿಟ್ಟಾದರು. ಆದರೆ ನಗರ ನಡೆಯುವುದು ಯಾರಿಂದ ಎಂಬುದು ಆ ಸೋಮವಾರ ಎಲ್ಲರ ಕಣ್ಣಿಗೂ ಬಿತ್ತು. ಮುಷ್ಕರದ ಮುಂಚೂಣಿಯಲ್ಲಿದ್ದ ಸಂಘದ ಹೆಸರು ಡಿಸ್ಟ್ರಿಕ್ಟ್ ಕೌನ್ಸಿಲ್ 37. ಆಸ್ಪತ್ರೆ ಆಯಾಗಳು, ಶಾಲೆಗಳಲ್ಲಿ ಊಟ ಬಡಿಸುವವರು, ಗುಮಾಸ್ತರು, ಗ್ರಂಥಪಾಲಕರು, ಉದ್ಯಾನದ ಕೆಲಸಗಾರರು, ಎಂಜಿನಿಯರುಗಳು ಎಲ್ಲರೂ ಒಂದೇ ಸೂರಿನಡಿ ಸೇರಿದ, ಆ ನಗರದ ಪೌರ ನೌಕರರ ಅತಿ ದೊಡ್ಡ ಸಂಘ ಅದು. ಪ್ರತಿಯೊಂದು ವೃತ್ತಿಗೂ ಒಂದೊಂದು ‘ಲೋಕಲ್’, ಅಂದರೆ ಸ್ಥಳೀಯ ಘಟಕ. ಎಲ್ಲ ಘಟಕಗಳ ಒಕ್ಕೂಟವೇ ಈ ಕೌನ್ಸಿಲ್.

ಸಂಘ ಹುಟ್ಟಿದ್ದು 1944ರಲ್ಲಿ. ಆಗ ಅದಕ್ಕೆ ಹೇಳಿಕೊಳ್ಳುವಂಥ ಬಲವಿರಲಿಲ್ಲ, ಕಾನೂನಿನ ಆಸರೆಯೂ ಇರಲಿಲ್ಲ. ಅಮೆರಿಕದ ಕಾರ್ಮಿಕರಿಗೆ ಸಂಘ ಕಟ್ಟುವ, ಮಾಲೀಕರೊಡನೆ ಸಾಮೂಹಿಕವಾಗಿ ಚೌಕಾಶಿ ಮಾಡುವ ಹಕ್ಕು ಕೊಟ್ಟ 1935ರ ಕಾಯಿದೆ ಸರ್ಕಾರಿ ನೌಕರರನ್ನು ಹೊರಗಿಟ್ಟಿತ್ತು. ಸರ್ಕಾರ ಎಲ್ಲ ಮಾಲೀಕರಂತಲ್ಲ, ಅದರ ವಿರುದ್ಧ ಮುಷ್ಕರ ಹೂಡುವುದು ಪ್ರಜೆಗಳ ವಿರುದ್ಧವೇ ದಂಗೆ ಎದ್ದಂತೆ ಎಂಬ ವಾದ ಆಗ ಬಲವಾಗಿತ್ತು. ನ್ಯೂಯಾರ್ಕ್ ರಾಜ್ಯದ 1947ರ ಕಾಂಡನ್-ವಾಡ್ಲಿನ್ ಕಾಯಿದೆ ಇನ್ನೂ ಕಠಿಣ. ಮುಷ್ಕರ ಹೂಡಿದ ಸರ್ಕಾರಿ ನೌಕರ ಕೆಲಸ ಕಳೆದುಕೊಳ್ಳುತ್ತಿದ್ದ. ಮತ್ತೆ ಸೇರಿಸಿಕೊಂಡರೂ ಮೂರು ವರ್ಷ ಸಂಬಳದಲ್ಲಿ ಏರಿಕೆ ಇಲ್ಲ, ಐದು ವರ್ಷ ಪರೀಕ್ಷಾವಧಿ.

ಇಂಥ ಸ್ಥಿತಿಯಲ್ಲಿ ಸಂಘವನ್ನು ಕಟ್ಟಿ ನಿಲ್ಲಿಸಿದವನು ಜೆರ್ರಿ ವುರ್ಫ್. ಬಾಲ್ಯದಲ್ಲೇ ಪೋಲಿಯೊ ತಗುಲಿ ಕುಂಟುತ್ತಿದ್ದ ಈತ ಕೆಫೆಟೇರಿಯಾದಲ್ಲಿ ಕೆಲಸ ಮಾಡುತ್ತಲೇ ಅಲ್ಲಿನ ನೌಕರರನ್ನು ಸಂಘಟಿಸಿದ್ದ. ಗಟ್ಟಿ ದನಿ, ಮುಂಗೋಪ. ಸುತ್ತಿ ಬಳಸಿ ಮಾತನಾಡುವ ಸ್ವಭಾವವೇ ಅಲ್ಲ. 1950ರ ದಶಕದಲ್ಲಿ ಆತನಿಗೆ ಮೊದಲು ಒಲಿದವರು ಉದ್ಯಾನ ಇಲಾಖೆಯ ಕೆಲಸಗಾರರು. ಆ ಇಲಾಖೆಯ ಮುಖ್ಯಸ್ಥ ರಾಬರ್ಟ್ ಮೋಸೆಸ್. ಮೇಯರುಗಳೂ ಹೆದರುತ್ತಿದ್ದ, ನಗರದ ಸೇತುವೆ ರಸ್ತೆಗಳನ್ನೆಲ್ಲ ತನ್ನಿಷ್ಟದಂತೆ ಕಟ್ಟಿಸಿದ ವ್ಯಕ್ತಿ. ಅಂಥವನ ಇಲಾಖೆಯಲ್ಲೇ ಸಂಘ ಬೇರೂರಿತು.

ಮುಂದಿನ ತಿರುವು ಬಂದದ್ದು 1958ರ ಮಾರ್ಚ್ 31ರಂದು. ಪೌರ ನೌಕರರಿಗೂ ಸಾಮೂಹಿಕ ಚೌಕಾಶಿಯ ಹಕ್ಕುಂಟೆಂದು ಒಪ್ಪುವ 49ನೇ ಕಾರ್ಯಾದೇಶಕ್ಕೆ ಮೇಯರ್ ರಾಬರ್ಟ್ ವ್ಯಾಗ್ನರ್ ಸಹಿ ಹಾಕಿದರು. 1935ರ ರಾಷ್ಟ್ರೀಯ ಕಾಯಿದೆಯನ್ನು ರೂಪಿಸಿದ ಸೆನೆಟರ್ ಈ ಮೇಯರನ ತಂದೆ. ಅವರ ಹೆಸರೂ ರಾಬರ್ಟ್ ವ್ಯಾಗ್ನರ್. ತಂದೆ ಬಿಟ್ಟದ್ದನ್ನು ಮಗ ತುಂಬಿದ ಎನ್ನಬಹುದು. ‘ಪುಟ್ಟ ವ್ಯಾಗ್ನರ್ ಕಾಯಿದೆ’ ಎಂದು ಜನ ಕರೆದದ್ದು ಇದನ್ನೇ.

ಕಾಗದದ ಮೇಲಿನ ಹಕ್ಕು ಕೈಗೆ ಬರಲು ಇನ್ನೂ ಏಳು ವರ್ಷ ಹಿಡಿಯಿತು. 1965ರ ಜನವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ಸುಮಾರು 8 ಸಾವಿರ ನೌಕರರು 28 ದಿನ ಮುಷ್ಕರ ಹೂಡಿದರು. ಕೌನ್ಸಿಲ್‌ನ 371ನೇ ಘಟಕದ ಜೊತೆ ಆಗ ಸ್ವತಂತ್ರವಾಗಿದ್ದ ಇನ್ನೊಂದು ಸಂಘವೂ ಸೇರಿತ್ತು. ಕಡು ಬಡವರ ಮನೆಗಳಿಗೆ ಹೋಗಿ ನೆರವಿನ ಅರ್ಜಿ ಪರಿಶೀಲಿಸುತ್ತಿದ್ದ ಇವರ ಬೇಡಿಕೆ ಸಂಬಳವೊಂದೇ ಅಲ್ಲ. ಒಬ್ಬೊಬ್ಬರ ತಲೆಗೆ ಕಟ್ಟುವ ಕುಟುಂಬಗಳ ಸಂಖ್ಯೆಗೆ ಮಿತಿ ಹಾಕಬೇಕೆಂದೂ ಕೇಳಿದ್ದರು. ಹತ್ತೊಂಬತ್ತು ಮುಖಂಡರು ಜೈಲಿಗೆ ಹೋದರು. ಕೊನೆಗೆ ಆಡಳಿತ ಮಾತುಕತೆಗೆ ಇಳಿಯಿತು. ಮರುವರ್ಷ ಸಾರಿಗೆ ನೌಕರರ ದೊಡ್ಡ ಮುಷ್ಕರವೂ ನಡೆದ ಮೇಲೆ ಹಳೆಯ ಕಾಯಿದೆ ಕೆಲಸಕ್ಕೆ ಬಾರದೆಂಬುದು ಸ್ಪಷ್ಟವಾಗಿ, 1967ರಲ್ಲಿ ಟೇಲರ್ ಕಾಯಿದೆ ಬಂತು. ಮುಷ್ಕರಕ್ಕೆ ನಿಷೇಧ ಮುಂದುವರಿಯಿತು. 1969ರ ತಿದ್ದುಪಡಿಯ ಬಳಿಕ ಒಂದು ದಿನ ಮುಷ್ಕರ ಹೂಡಿದರೆ ಎರಡು ದಿನದ ಸಂಬಳ ಕಡಿತ. ಚೌಕಾಶಿಗೆ ಮಾತ್ರ ಕಾನೂನಿನ ಮುದ್ರೆ ಬಿತ್ತು.

ಇಷ್ಟರಲ್ಲಿ ವುರ್ಫ್ ನ್ಯೂಯಾರ್ಕ್ ಬಿಟ್ಟಾಗಿತ್ತು. 1964ರಲ್ಲಿ ಆತ ಮಾತೃಸಂಸ್ಥೆಯಾದ ರಾಷ್ಟ್ರೀಯ ಪೌರ ನೌಕರರ ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ, ಸಂಸ್ಥಾಪಕ ಅಧ್ಯಕ್ಷ ಆರ್ನಾಲ್ಡ್ ಜ್ಯಾಂಡರನನ್ನೇ ಅತ್ಯಲ್ಪ ಅಂತರದಿಂದ ಸೋಲಿಸಿದ್ದ. ನಾಲ್ಕು ವರ್ಷಗಳ ಬಳಿಕ ಮೆಂಫಿಸ್‌ನಲ್ಲಿ 1,300 ಕಪ್ಪು ಪೌರಕಾರ್ಮಿಕರು ಕಸದ ಲಾರಿಗಳನ್ನು ನಿಲ್ಲಿಸಿ ಬೀದಿಗಿಳಿದಾಗ ಬೆಂಬಲಕ್ಕೆ ನಿಂತದ್ದು ಇದೇ ಒಕ್ಕೂಟ. ಮಾರ್ಟಿನ್ ಲೂಥರ್ ಕಿಂಗ್ ಮೆಂಫಿಸ್‌ಗೆ ಹೋದದ್ದು ಆ ಕಾರ್ಮಿಕರಿಗಾಗಿ. 1968ರ ಏಪ್ರಿಲ್ 4ರಂದು ಅಲ್ಲೇ ಗುಂಡಿಗೆ ಬಲಿಯಾದರು.

ನ್ಯೂಯಾರ್ಕ್‌ನಲ್ಲಿ ವುರ್ಫ್‌ನ ಸ್ಥಾನಕ್ಕೆ ಶಿಕಾಗೊದಿಂದ ವಿಕ್ಟರ್ ಗಾಟ್‌ಬಾಮ್ ಬಂದರು. ಅವರ ಬೆನ್ನಿಗೇ ಬಂದವರು ಲಿಲಿಯನ್ ರಾಬರ್ಟ್ಸ್. ಶಿಕಾಗೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದಾದಿಯರ ಸಹಾಯಕಿಯಾಗಿದ್ದ ಈ ಕಪ್ಪು ಮಹಿಳೆಗೆ ಒಪ್ಪಿಸಿದ ಕೆಲಸ, ನ್ಯೂಯಾರ್ಕ್ ಸರ್ಕಾರಿ ಆಸ್ಪತ್ರೆಗಳ ಸಾವಿರಾರು ಕೆಳಹಂತದ ನೌಕರರನ್ನು ಪ್ರತಿಸ್ಪರ್ಧಿ ಟೀಮ್‌ಸ್ಟರ್ಸ್ ಸಂಘದ ಕೈಯಿಂದ ಸೆಳೆಯುವುದು. ಈ ನೌಕರರಲ್ಲಿ ಹೆಚ್ಚಿನವರು ಕಪ್ಪು ಮತ್ತು ಪೋರ್ಟೊ ರಿಕೊ ಮೂಲದ ಹೆಂಗಸರು. ರಾತ್ರಿ ಪಾಳಿಯ ವಾರ್ಡುಗಳಿಗೇ ಹೋಗಿ ಅವರ ಕಷ್ಟ ಕೇಳಿದ ಸಂಘ ಅದುವರೆಗೆ ಇರಲಿಲ್ಲ. 1965ರ ಡಿಸೆಂಬರಿನ ಚುನಾವಣೆಯಲ್ಲಿ ಕೌನ್ಸಿಲ್ 37 ಗೆದ್ದಿತು. ಸಂಘದ ಇಡೀ ಇತಿಹಾಸದಲ್ಲಿ ಇದಕ್ಕಿಂತ ಮಹತ್ವದ ಗೆಲುವು ಇನ್ನೊಂದಿಲ್ಲ. ಏಕೆಂದರೆ ನಗರದ ನೌಕರರಲ್ಲಿ ಬಹುಮತ ಯಾವ ಸಂಘಕ್ಕಿದೆಯೋ ಅದಕ್ಕೆ ಮಾತ್ರ ಪಿಂಚಣಿ, ರಜೆ, ಕೆಲಸದ ವೇಳೆಯಂಥ ಎಲ್ಲರಿಗೂ ಅನ್ವಯಿಸುವ ವಿಷಯಗಳ ಮಾತುಕತೆಯಲ್ಲಿ ಅಧಿಕಾರ. ಆ ಬಹುಮತ ಬಂದದ್ದು ಆಸ್ಪತ್ರೆಗಳಿಂದ.

1968ರಲ್ಲಿ ರಾಜ್ಯದ ಮಾನಸಿಕ ಆಸ್ಪತ್ರೆಗಳ ಮುಷ್ಕರ ನಡೆಸಿದ್ದಕ್ಕೆ ರಾಬರ್ಟ್ಸ್ ಎರಡು ವಾರ ಜೈಲಿನಲ್ಲಿದ್ದರು. ಆದರೆ ನೌಕರರ ಮನೆಗಳಲ್ಲಿ ಅವರ ಹೆಸರು ಉಳಿದದ್ದು ಜೈಲಿನಿಂದಲ್ಲ, ತರಬೇತಿಯಿಂದ. ಬೆಡ್‌ಪ್ಯಾನ್ ತೊಳೆಯುತ್ತಿದ್ದ ಆಯಾ ಸಂಬಳ ಕಳೆದುಕೊಳ್ಳದೆ ಓದಿ, ಪರವಾನಗಿ ಪಡೆದ ದಾದಿಯಾಗುವ ಏರ್ಪಾಟನ್ನು ಸಂಘ ಮಾತುಕತೆಯಿಂದ ಪಡೆಯಿತು. 1972ರಲ್ಲಿ ಸಂಘದ ಕಚೇರಿ ಕಟ್ಟಡದಲ್ಲೇ ಒಂದು ಕಾಲೇಜಿನ ಶಾಖೆ ತೆರೆಯಿತು. ಮೊಮ್ಮಕ್ಕಳನ್ನು ಕಂಡ ಹೆಂಗಸರು ಸಂಜೆ ಪದವಿ ತರಗತಿಗೆ ಬರುತ್ತಿದ್ದರು. ಸಂಘವೆಂದರೆ ಮುಷ್ಕರ ಮತ್ತು ಘೋಷಣೆ ಎಂದಷ್ಟೇ ತಿಳಿದವರು ಇದನ್ನು ಗಮನಿಸಬೇಕು.

1975ರಲ್ಲಿ ಎಲ್ಲವೂ ತಲೆಕೆಳಗಾಯಿತು. ವರ್ಷಗಳಿಂದ ಸಾಲದ ಮೇಲೆ ಸಾಲ ಮಾಡುತ್ತ ಬಂದಿದ್ದ ನಗರಕ್ಕೆ ಬ್ಯಾಂಕುಗಳು ಇನ್ನು ಕೊಡುವುದಿಲ್ಲ ಎಂದವು. ಅಧ್ಯಕ್ಷ ಫೋರ್ಡ್ ಕೂಡ ಮೊದಲಿಗೆ ಕೈ ಚಾಚಲಿಲ್ಲ. ಆಗ ನಗರವನ್ನು ದಿವಾಳಿಯಿಂದ ಪಾರು ಮಾಡಿದ ಹಣದಲ್ಲಿ ದೊಡ್ಡ ಪಾಲು ಬಂದದ್ದು ಎಲ್ಲಿಂದ? ನೌಕರರ ಪಿಂಚಣಿ ನಿಧಿಗಳಿಂದ. ಮುಪ್ಪಿಗೆಂದು ಕೂಡಿಟ್ಟ ಹಣದಲ್ಲಿ ಯಾರಿಗೂ ಬೇಡವಾಗಿದ್ದ ಬಾಂಡುಗಳನ್ನು ಕೊಳ್ಳಲು ಸಂಘಗಳು ಒಪ್ಪಿದವು. ನಗರ ಮುಳುಗಿದರೆ ಆ ಹಣವೂ ಮುಳುಗುತ್ತಿತ್ತು. ಗಾಟ್‌ಬಾಮ್ ಬ್ಯಾಂಕರ್ ಫೆಲಿಕ್ಸ್ ರೊಹಾಟಿನ್ ಜೊತೆ ಮೇಜಿನ ಮುಂದೆ ಕೂತರು. ಇಬ್ಬರೂ ಮುಂದೆ ಆಪ್ತ ಸ್ನೇಹಿತರಾದರು. ಸಂಬಳ ಏರಿಕೆ ತಡೆಹಿಡಿಯಲಾಯಿತು. ಹತ್ತಾರು ಸಾವಿರ ಜನ ಕೆಲಸ ಕಳೆದುಕೊಂಡರು. 129 ವರ್ಷ ಉಚಿತವಾಗಿದ್ದ ನಗರ ವಿಶ್ವವಿದ್ಯಾಲಯ 1976ರಲ್ಲಿ ಶುಲ್ಕ ವಿಧಿಸಿತು. ಗಾಟ್‌ಬಾಮ್ ನಗರವನ್ನು ಉಳಿಸಿದರೋ, ಸದಸ್ಯರನ್ನು ಬಿಟ್ಟುಕೊಟ್ಟರೋ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ದಿವಾಳಿ ಎದ್ದಿದ್ದರೆ ಒಪ್ಪಂದಗಳೆಲ್ಲ ನ್ಯಾಯಾಲಯದ ಪಾಲಾಗುತ್ತಿದ್ದವು ಎಂಬ ಅವರ ವಾದದಲ್ಲಿ ಹುರುಳಿತ್ತು. ಆದರೆ ಸದಸ್ಯರ ಪರವಾಗಿ ಮುಖಂಡರು ಮೇಲಿನ ಕೋಣೆಗಳಲ್ಲಿ ತೀರ್ಮಾನಿಸುವ ರೂಢಿ ಬಲಿತದ್ದು ಆಗಲೇ ಎಂಬುದನ್ನೂ ಒಪ್ಪಲೇಬೇಕು.

1987ರಲ್ಲಿ ಗಾಟ್‌ಬಾಮ್ ನಿವೃತ್ತರಾದಾಗ ಕಲ್ಯಾಣ ಇಲಾಖೆಯಿಂದ ಬಂದ ಸ್ಟ್ಯಾನ್ಲಿ ಹಿಲ್ ಕಾರ್ಯನಿರ್ವಾಹಕ ನಿರ್ದೇಶಕರಾದರು. ಆ ಸ್ಥಾನಕ್ಕೇರಿದ ಮೊದಲ ಕಪ್ಪು ವ್ಯಕ್ತಿ ಅವರು. ಇಲ್ಲಿ ಸಂಘದ ಚುನಾವಣೆಯ ಬಗೆ ತಿಳಿಯಬೇಕು. ಕಾರ್ಯನಿರ್ವಾಹಕ ನಿರ್ದೇಶಕನನ್ನು ಸದಸ್ಯರು ನೇರವಾಗಿ ಆರಿಸುವುದಿಲ್ಲ. ನಮ್ಮಲ್ಲಿ ಮೇಯರನ್ನು ಪಾಲಿಕೆ ಸದಸ್ಯರು ಆರಿಸುವ ಹಾಗೆ, ಅಲ್ಲಿ ಘಟಕಗಳ ಪ್ರತಿನಿಧಿಗಳು ಆರಿಸುತ್ತಾರೆ. ದೊಡ್ಡ ಘಟಕಕ್ಕೆ ಹೆಚ್ಚು ಮತ. ಐವತ್ತಕ್ಕೂ ಹೆಚ್ಚು ಘಟಕಗಳಿದ್ದರೂ ನಾಲ್ಕಾರು ದೊಡ್ಡ ಘಟಕಗಳ ಅಧ್ಯಕ್ಷರು ಕೈಜೋಡಿಸಿದರೆ ಮಿಕ್ಕವರ ಮಾತು ನಡೆಯದು. ಅವರ ಕೃಪೆಯಲ್ಲಿರುವ ನಿರ್ದೇಶಕ ಅವರ ಲೆಕ್ಕಪತ್ರ ಕೇಳುವುದಾದರೂ ಹೇಗೆ?

1995ರಲ್ಲಿ ಮೇಯರ್ ರುಡಾಲ್ಫ್ ಜೂಲಿಯಾನಿ ಐದು ವರ್ಷದ ಒಪ್ಪಂದವೊಂದನ್ನು ಮುಂದಿಟ್ಟರು. ಮೊದಲ ಎರಡು ವರ್ಷ ಸಂಬಳ ಏರಿಕೆ ಸೊನ್ನೆ. ಬದಲಿಗೆ ಕೆಲವು ವರ್ಷ ಕೆಲಸದಿಂದ ತೆಗೆಯುವುದಿಲ್ಲವೆಂಬ ಭರವಸೆ. ಇಂಥದೇ ಒಪ್ಪಂದವನ್ನು ಶಿಕ್ಷಕರ ಸಂಘದ ಸದಸ್ಯರು ಆ ಡಿಸೆಂಬರಿನಲ್ಲಿ ತಮ್ಮ ಮುಖಂಡರ ಸಲಹೆಯನ್ನೂ ಮೀರಿ ತಿರಸ್ಕರಿಸಿದರು. ಆಗ ಕೌನ್ಸಿಲ್ 37ರ ಮತದ ಮೇಲೆ ಇಡೀ ನಗರದ ಕಣ್ಣು ನೆಟ್ಟಿತು. ಕೆಲವು ವಾರಗಳ ನಂತರ ಫಲಿತಾಂಶ ಬಂತು: ಒಪ್ಪಂದಕ್ಕೆ ಬಹುಮತದ ಒಪ್ಪಿಗೆ. ಗ್ರಂಥಾಲಯ, ಕಲ್ಯಾಣ ಇಲಾಖೆ ಮೊದಲಾದ ಘಟಕಗಳ ಭಿನ್ನಮತೀಯರು ಎಣಿಕೆಯ ಬಗ್ಗೆ ಸಂಶಯ ಎತ್ತಿದರು. ಕೇಳಿದವರು ಕಡಿಮೆ. 1997ರ ಮೇಯರ್ ಚುನಾವಣೆಯಲ್ಲಿ ಹಿಲ್ ಅವರ ಸಂಘ ಜೂಲಿಯಾನಿಯನ್ನೇ ಬೆಂಬಲಿಸಿತು.

1998ರ ನವೆಂಬರಿನಲ್ಲಿ ಸತ್ಯ ಹೊರಬಿತ್ತು. ಸಂಘದ ಹಿರಿಯ ಅಧಿಕಾರಿಗಳೇ ನಕಲಿ ಮತಪತ್ರ ತುಂಬಿದ್ದನ್ನು ಒಪ್ಪಿಕೊಂಡರು. ಅಸಲಿ ಮತಗಳನ್ನೇ ಎಣಿಸಿದ್ದರೆ ಒಪ್ಪಂದ ಬಿದ್ದುಹೋಗುತ್ತಿತ್ತು ಎಂಬ ಅಭಿಪ್ರಾಯ ಬಲವಾಯಿತು. ಮ್ಯಾನ್ಹಟನ್ ಜಿಲ್ಲಾ ಅಟಾರ್ನಿಯ ತನಿಖೆ ಮುಂದುವರಿದಂತೆ ಹಣದ ಕಥೆಗಳೂ ಬಂದವು. ಶಾಲೆಗಳ ಊಟದ ಕೆಲಸಗಾರರ ಘಟಕದ ಅಧ್ಯಕ್ಷ 20 ಲಕ್ಷ ಡಾಲರಿಗೂ ಹೆಚ್ಚು ಹಣ ನುಂಗಿದ್ದು ಸಾಬೀತಾಯಿತು. ಆ ಘಟಕದ ಸದಸ್ಯರು ಯಾರು? ನಗರದಲ್ಲೇ ಅತಿ ಕಡಿಮೆ ಸಂಬಳದವರು, ಹೆಚ್ಚಿನವರು ಹೊತ್ತಿಗಿಷ್ಟು ಎಂದು ದುಡಿಯುವ ಹೆಂಗಸರು. ಒಟ್ಟು ಇಪ್ಪತ್ತಕ್ಕೂ ಹೆಚ್ಚು ಜನ ತಪ್ಪಿತಸ್ಥರಾದರು. ಹಿಲ್ ಮೇಲೆ ಯಾವ ಮೊಕದ್ದಮೆಯೂ ಬರಲಿಲ್ಲ. ತಮಗೆ ತಿಳಿದಿರಲಿಲ್ಲವೆಂದ ಅವರು ಹುದ್ದೆ ಬಿಟ್ಟು ಹೋಗಬೇಕಾಯಿತು. ತಿಳಿಯದೇ ಹೋದದ್ದೂ ಸಣ್ಣ ತಪ್ಪೇನಲ್ಲ.

ರಾಷ್ಟ್ರೀಯ ಒಕ್ಕೂಟ ಲೀ ಸಾಂಡರ್ಸ್ ಅವರನ್ನು ಆಡಳಿತಾಧಿಕಾರಿಯಾಗಿ ಕಳಿಸಿತು. ಮತ ಎಣಿಕೆಯನ್ನು ಹೊರಗಿನ ಸಂಸ್ಥೆಗೆ ಒಪ್ಪಿಸುವ, ಲೆಕ್ಕ ತಪಾಸಣೆ ಬಿಗಿ ಮಾಡುವ ಸುಧಾರಣೆಗಳು ಬಂದವು. ಭಿನ್ನಮತೀಯರ ಮುಖ್ಯ ಬೇಡಿಕೆ ಬೇರೆಯೇ ಇತ್ತು: ನಿರ್ದೇಶಕನನ್ನು ಸದಸ್ಯರೇ ನೇರವಾಗಿ ಆರಿಸಬೇಕು. ಅದನ್ನು ಮಾತ್ರ ಒಪ್ಪಲಿಲ್ಲ. 2002ರಲ್ಲಿ ಆಡಳಿತಾಧಿಕಾರಿಯ ಅವಧಿ ಮುಗಿದಾಗ ಪ್ರತಿನಿಧಿಗಳು ಆರಿಸಿದ್ದು ಲಿಲಿಯನ್ ರಾಬರ್ಟ್ಸ್ ಅವರನ್ನು. ಆಗ ಅವರಿಗೆ 74 ವರ್ಷ. ನಡುವೆ ರಾಜ್ಯದ ಕಾರ್ಮಿಕ ಆಯುಕ್ತೆಯಾಗಿಯೂ ಕೆಲಸ ಮಾಡಿದ್ದ ಅವರು, ಒಮ್ಮೆ ತಾವೇ ಕಟ್ಟಿದ ಮನೆಗೆ ಯಜಮಾನಿಯಾಗಿ ಮರಳಿ, ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ನಡೆಸಿದರು. 2015ರಲ್ಲಿ ಡೊಮಿನಿಕನ್ ಗಣರಾಜ್ಯ ಮೂಲದ ಹೆನ್ರಿ ಗ್ಯಾರಿಡೊ ಅವರ ಸ್ಥಾನಕ್ಕೆ ಬಂದರು.

2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೊಂದು ಪೆಟ್ಟು ಕೊಟ್ಟಿತು. ಸಂಘದ ಸದಸ್ಯನಲ್ಲದ ಸರ್ಕಾರಿ ನೌಕರನಿಂದ ಯಾವ ಶುಲ್ಕವನ್ನೂ ಕಡ್ಡಾಯವಾಗಿ ವಸೂಲಿ ಮಾಡಕೂಡದು ಎಂದಿತು. ಸಂಘ ಕುಸಿಯುತ್ತದೆ ಎಂದು ಹಲವರು ಲೆಕ್ಕ ಹಾಕಿದ್ದರು. ಹಾಗಾಗಲಿಲ್ಲ, ಬಹುಪಾಲು ನೌಕರರು ಸದಸ್ಯರಾಗಿಯೇ ಉಳಿದರು.

ಪೆಟ್ಟು ಬಿದ್ದದ್ದು ನಿರೀಕ್ಷಿಸದ ಕಡೆಯಿಂದ. 2021ರಲ್ಲಿ ನಗರದ ಸಂಘಗಳ ಒಕ್ಕೂಟ ಆಡಳಿತದೊಡನೆ ಒಂದು ಒಪ್ಪಂದಕ್ಕೆ ಬಂತು: ಸುಮಾರು ಎರಡೂವರೆ ಲಕ್ಷ ನಿವೃತ್ತರು ಮತ್ತವರ ಅವಲಂಬಿತರನ್ನು ಅವರ ಹಳೆಯ ಆರೋಗ್ಯ ವಿಮೆಯಿಂದ ಖಾಸಗಿ ಕಂಪೆನಿ ನಡೆಸುವ ಯೋಜನೆಗೆ ವರ್ಗಾಯಿಸುವುದು. ಕೌನ್ಸಿಲ್ 37ರ ನಾಯಕತ್ವವೂ ಅದರ ಪರವಾಗಿತ್ತು. ನಿವೃತ್ತರಿಗೆ ಇಂಥ ಒಪ್ಪಂದಗಳ ಮೇಲೆ ಮತವಿಲ್ಲ. ಹಿಂದೆ ಬಾವುಟ ಹಿಡಿದು ಜೈಲಿಗೂ ಸಿದ್ಧರಾಗಿದ್ದವರು ಈಗ ಔಷಧಿ ಚೀಟಿ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನಾಲ್ಕು ವರ್ಷ ಮೊಕದ್ದಮೆ ನಡೆಯಿತು. 2025ರ ಜೂನ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಆಡಳಿತದ ಪರವಾಗಿ ತೀರ್ಪು ಕೊಟ್ಟಿತು. ಮರುದಿನಗಳಲ್ಲೇ ಅಂದಿನ ಮೇಯರ್ ಎರಿಕ್ ಆಡಮ್ಸ್ ಯೋಜನೆಯನ್ನು ಕೈಬಿಡುವುದಾಗಿ ಪ್ರಕಟಿಸಿದರು.